ಒಂದೇ ತಂತಿ, ಹಲವು ಮನೆ: ಹೊಣೆ ಯಾರದು?



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಹೊರನಾಡಿಗೆ ಬಂದ ನಮಗೆ ಮನೆ ಕೊಳ್ಳುವುದೂ ಅಷ್ಟೇ ದೊಡ್ಡ ಪರೀಕ್ಷೆ. ಕ್ವೇಕರ್ಸ್ ಹಿಲ್ಲಿನ ಟೌನ್ ಹೌಸಾಗಲಿ, ಮೆಲ್ಬರ್ನಿನ ಯೂನಿಟ್ಟಾಗಲಿ, ಅಂತಹ ಮನೆಯ ಒಳಭಾಗ ನಮ್ಮದು. ಹೊರಗೋಡೆ, ಚಾವಣಿ, ಓಣಿಗಳು ಸಾಮಾನ್ಯವಾಗಿ ಎಲ್ಲರವು. ಇವೆರಡರ ನಡುವೆ ಹಾದುಬರುವ ವಿದ್ಯುತ್ ತಂತಿ ಯಾರದು? ಗ್ಯಾಸ್ ಒಲೆಯ ಜಾಗದಲ್ಲಿ ಇಂಡಕ್ಷನ್ ಒಲೆ ಇಡಹೊರಟಾಗ, ವಿದ್ಯುತ್ ಕಾರನ್ನು ಮನೆಗೆ ತಂದಾಗ ಈ ಪ್ರಶ್ನೆ ಎದುರಾಗುತ್ತದೆ. ಸಿಗುವ ಉತ್ತರವೋ ಅನೇಕ ವೇಳೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ! ಆ ದೀಪವನ್ನು ಸರಿಯಾದ ಗೂಡಿನಲ್ಲಿಡುವುದು ಇಂದಿನ ನಮ್ಮ ಪ್ರಯತ್ನ.

ಮೊದಲು ವಿದ್ಯುತ್ತು ಬರುವ ದಾರಿಯನ್ನು ತಿಳಿಯೋಣ. ಕ್ವೇಕರ್ಸ್ ಹಿಲ್ಲಿನ ಬೀದಿಯ ಜಾಲ ಎಂಡೆವರ್ ಎನರ್ಜಿ ಎಂಬ ವಿತರಣಾ ಸಂಸ್ಥೆಗೆ ಸೇರಿದ್ದು. ಆವರಣಕ್ಕೆ ಸಂಪರ್ಕ ಕೊಡುವ ಬಿಂದುವಿನವರೆಗೆ ಹೊಣೆ ಆ ಸಂಸ್ಥೆಯದು. ಅಲ್ಲಿಂದ ಮುಖ್ಯ ಸ್ವಿಚ್‌ಬೋರ್ಡಿಗೆ ಹೋಗುವ ದಪ್ಪ ತಂತಿ ಎಲ್ಲ ಮನೆಗಳಿಗೂ ಸಮಾನ. ಸ್ವಿಚ್‌ಬೋರ್ಡಿನಿಂದ ಒಂದೊಂದು ಮನೆಗೆ ಕವಲೊಡೆಯುವ ತಂತಿ ಮೂರನೆಯದು. ಮನೆಯೊಳಗಿನ ಜಾಲ ಕೊನೆಯದು. ನಮ್ಮ ತೊಡಕೆಲ್ಲ ನಡುವಿನ ಎರಡು ಭಾಗಗಳಲ್ಲಿದೆ.

ತಂತಿಗೂ ಒಂದು ಮಿತಿಯುಂಟು. 230 ವೋಲ್ಟಿನಲ್ಲಿ 7 ಕಿಲೋವ್ಯಾಟಿನ ಕಾರ್ ಚಾರ್ಜರು ಸುಮಾರು 30 ಆಂಪಿಯರ್ ಎಳೆಯುತ್ತದೆ. ಹತ್ತು ಮನೆಗಳವರು ಸಂಜೆ ಒಟ್ಟಿಗೆ ಚಾರ್ಜ್ ಮಾಡಿದರೆ 300 ಆಂಪಿಯರ್. ಒಲೆ, ಏರ್ ಕಂಡಿಷನರುಗಳ ಲೆಕ್ಕ ಬೇರೆ. ತಂತಿಯಲ್ಲಿ ಹುಟ್ಟುವ ಶಾಖವಾದರೋ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ; ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಹೀಗಾಗಿ ಹಳೆಯ ಆವರಣಗಳಲ್ಲಿ ಇದು ಸೌಕರ್ಯದ ಮಾತಷ್ಟೇ ಅಲ್ಲ, ಬೆಂಕಿಯಿಂದ ರಕ್ಷಣೆಯ ಮಾತೂ ಹೌದು.

ಇನ್ನು ಕಾನೂನು. ನ್ಯೂ ಸೌತ್ ವೇಲ್ಸಿನಲ್ಲಿ ಸ್ಟ್ರಾಟಾ ಪದ್ಧತಿ ಜಾರಿಗೆ ಬಂದದ್ದು 1961ರಲ್ಲಿ. ಈಗಿರುವುದು 2015ರ ಸ್ಟ್ರಾಟಾ ಸ್ಕೀಮ್ಸ್ ಮ್ಯಾನೇಜ್‌ಮೆಂಟ್ ಕಾಯಿದೆ. ಒಂದಕ್ಕಿಂತ ಹೆಚ್ಚು ಮನೆಗಳಿಗೆ ಉಪಯೋಗವಾಗುವ ತಂತಿ ಸಾಮಾನ್ಯವಾಗಿ ಸಾಮೂಹಿಕ ಸ್ವತ್ತು. ಒಂದೇ ಮನೆಗೆ ಹೋಗುವ ತಂತಿಯೂ ಸಾಮೂಹಿಕ ಗೋಡೆಯೊಳಗೆ ಹುದುಗಿದ್ದರೆ ಬಹುತೇಕ ಹಾಗೆಯೇ. ಕೊನೆಯ ಮಾತು ನೋಂದಾಯಿತ ಸ್ಟ್ರಾಟಾ ನಕ್ಷೆ ಹಾಗೂ ಬೈಲಾಗಳದು.

ಇಲ್ಲಿ ದುರಸ್ತಿಗೂ ಮೇಲ್ದರ್ಜೆಗೂ ಇರುವ ಭೇದವನ್ನು ಗಮನಿಸಬೇಕು. ತಂತಿ ಜೀರ್ಣವಾಗಿದ್ದರೆ ಅದನ್ನು ದುರಸ್ತಿ ಮಾಡುವುದು, ಅಗತ್ಯವಾದರೆ ಬದಲಿಸುವುದು ಕಾಯಿದೆಯ 106ನೆಯ ವಿಧಿಯಂತೆ ಮಾಲೀಕರ ಸಂಘದ, ಅರ್ಥಾತ್ ಓನರ್ಸ್ ಕಾರ್ಪೊರೇಷನ್ನಿನ ಕಡ್ಡಾಯ ಕರ್ತವ್ಯ. ಕೈಯಲ್ಲಿ ಹಣವಿಲ್ಲವೆಂಬುದು ನೆಪವಾಗಲಾರದು. ವೆಚ್ಚವನ್ನು ಎಲ್ಲರೂ ತಮ್ಮ ತಮ್ಮ ಯೂನಿಟ್ ಎಂಟೈಟಲ್‌ಮೆಂಟಿನ ಪ್ರಮಾಣದಲ್ಲಿ ಭರಿಸಬೇಕು. ಆದರೆ ತಂತಿ ಗಟ್ಟಿಯಾಗಿದ್ದು, ನಮಗೆ ಹೆಚ್ಚಿನ ಸಾಮರ್ಥ್ಯ ಬೇಕೆನಿಸಿದರೆ ಅದು ಸುಧಾರಣೆ. ಅದಕ್ಕೆ 108ನೆಯ ವಿಧಿಯಂತೆ ವಿಶೇಷ ಗೊತ್ತುವಳಿ ಬೇಕು. ಚಲಾಯಿತ ಮತಗಳ ಮೌಲ್ಯದಲ್ಲಿ ಶೇ. 25ಕ್ಕಿಂತ ಹೆಚ್ಚು ವಿರೋಧ ಇರಕೂಡದು. 2021ರ ತಿದ್ದುಪಡಿ ಈ ಹಾದಿಯನ್ನು ಸುಗಮಗೊಳಿಸಿತು. ಕಾರ್ ಚಾರ್ಜಿಂಗ್, ಸೌರವಿದ್ಯುತ್ತು ಮೊದಲಾದ ಪರಿಸರಸ್ನೇಹಿ ವ್ಯವಸ್ಥೆಗಳಿಗಾದರೆ ವಿರೋಧ ಶೇ. 50ಕ್ಕಿಂತ ಕಡಿಮೆಯಿದ್ದರೆ ಸಾಕು. ಆದರೆ ವೆಚ್ಚವೆಷ್ಟು, ಒಡೆತನ ಹಾಗೂ ನಿರ್ವಹಣೆ ಯಾರವು, ಪ್ರಯೋಜನ ಎಷ್ಟು ಮನೆಗಳಿಗೆ ಎಂಬುದನ್ನು ಸಭೆ ಮೊದಲೇ ಪರಿಶೀಲಿಸಬೇಕು.

ಒಬ್ಬರೇ ತಮ್ಮ ಮನೆಗಾಗಿ ದಪ್ಪ ತಂತಿ ಎಳೆಸಿಕೊಳ್ಳುವುದಾದರೆ, ಅವರ ಲಿಖಿತ ಒಪ್ಪಿಗೆಯ ಮೇರೆಗೆ ನಿರ್ವಹಣೆಯ ಹೊಣೆಯನ್ನು ಬೈಲಾ ಮೂಲಕ ಅವರಿಗೇ ವಹಿಸಬಹುದು. ಮುಂದೆ ಮನೆಯನ್ನು ಕೊಳ್ಳುವವರಿಗೂ ಆ ಹೊಣೆ ಅಂಟಿಕೊಂಡೇ ಬರುತ್ತದೆ. ಆದುದರಿಂದ ಮನೆ ಕೊಳ್ಳುವ ಮುನ್ನ ಬೈಲಾಗಳನ್ನೂ ಹಿಂದಿನ ಸಭೆಗಳ ನಡವಳಿಯನ್ನೂ ಓದುವುದು ಜಾಣತನ.

ಮೆಲ್ಬರ್ನಿನ ಬಂಧುಗಳಿಗೆ 2006ರ ಓನರ್ಸ್ ಕಾರ್ಪೊರೇಷನ್ಸ್ ಕಾಯಿದೆ ಅನ್ವಯಿಸುತ್ತದೆ. ಅಲ್ಲಿಯೂ ಸಾಮೂಹಿಕ ಸ್ವತ್ತಿನ ದುರಸ್ತಿ ಸಂಘದ ಕರ್ತವ್ಯವೇ. ದೊಡ್ಡ ಮೇಲ್ದರ್ಜೆ ಕಾಮಗಾರಿಗೆ ವಿಶೇಷ ಗೊತ್ತುವಳಿ ಬೇಕು. ಕೆಲವೇ ಮನೆಗಳಿಗೆ ಪ್ರಯೋಜನವಾಗುವ ಕೆಲಸಕ್ಕೆ ಹೆಚ್ಚು ಪ್ರಯೋಜನ ಪಡೆಯುವವರು ಹೆಚ್ಚು ತೆರಬೇಕೆಂಬ ನ್ಯಾಯವೂ ಅಲ್ಲುಂಟು. ಇಂಗ್ಲೆಂಡಿನ ಲೀಸ್‌ಹೋಲ್ಡ್ ಮನೆಗಳಲ್ಲಾದರೆ ಹೊಣೆಯನ್ನು ನಿರ್ಧರಿಸುವುದು ಗುತ್ತಿಗೆಯ ಪತ್ರ. ಒಬ್ಬೊಬ್ಬರ ಪಾಲು 250 ಪೌಂಡು ಮೀರುವ ಕಾಮಗಾರಿಗೆ ಮುನ್ನ ಭೂಮಾಲೀಕನು ನಿವಾಸಿಗಳೊಡನೆ ಸಮಾಲೋಚಿಸಬೇಕೆಂದು 1985ರ ಕಾಯಿದೆ ಹೇಳುತ್ತದೆ. ಹೋಲಿಸಿದರೆ, ನಮಗಿಲ್ಲಿ ಮತವೂ ಇದೆ, ಮಾತೂ ಇದೆ.

ಹಾಗಾದರೆ ಮಾಡಬೇಕಾದುದೇನು? ಮೊದಲು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರಿಂದ ಇಡೀ ಆವರಣದ ಬೇಡಿಕೆಯನ್ನು ಅಳೆಯಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಕಾರುಗಳಿಗೆ ಇರುಳಿನಲ್ಲಿ ಸರದಿಯಂತೆ ವಿದ್ಯುತ್ತು ಹಂಚುವ ನಿಯಂತ್ರಣ ಸಾಧನಗಳಿಂದ ಹಲವೆಡೆ ತಂತಿ ಬದಲಿಸುವ ಖರ್ಚೇ ತಪ್ಪೀತು. ಅಷ್ಟರಿಂದ ಸಾಲದಿದ್ದರೆ ಬೆಲೆಪಟ್ಟಿಗಳೊಡನೆ ಸಂಘದ ಕಾರ್ಯದರ್ಶಿಗೆ ಲಿಖಿತವಾಗಿ ಸೂಚನೆ ಕೊಟ್ಟು, ವಿಷಯವನ್ನು ಸಭೆಯ ಕಾರ್ಯಸೂಚಿಗೆ ಸೇರಿಸಬೇಕು. ಬೀದಿಯಿಂದ ಬರುವ ಸರ್ವಿಸ್ ತಂತಿಯ ಕೆಲಸಕ್ಕೆ ನ್ಯೂ ಸೌತ್ ವೇಲ್ಸಿನಲ್ಲಿ ಎರಡನೆಯ ಹಂತದ ಮಾನ್ಯತೆ ಪಡೆದವರೇ ಬೇಕು. ಬಾಡಿಗೆಗಿರುವವರು ಮನೆಯ ಮಾಲೀಕರಿಗೆ ಬರೆಯಲಿ. ಸಾಮೂಹಿಕ ತಂತಿಯ ವೆಚ್ಚ ಅವರ ತಲೆಯ ಮೇಲೆ ಬೀಳತಕ್ಕದ್ದಲ್ಲ. ಕರ್ತವ್ಯವನ್ನು ಸಂಘ ಕಡೆಗಣಿಸಿದರೆ ಸಿಡ್ನಿಯಲ್ಲಿ ಎನ್‌ಕ್ಯಾಟ್, ಮೆಲ್ಬರ್ನಿನಲ್ಲಿ ವಿಕ್ಯಾಟ್ ನ್ಯಾಯಮಂಡಳಿಗಳಿವೆ.

ಕನ್ನಡ ನಾಡಿನ ಹಳೆಯ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಮಾತು ಬರುತ್ತದೆ. ಕೆರೆ ಒಡೆದ ಮೇಲೆ ಹಣ ಹುಡುಕುವ ಬದಲು, ಅದರ ಪಾಲನೆಗೆಂದೇ ಭೂಮಿಯನ್ನು ಮೀಸಲಿಡುತ್ತಿದ್ದ ಕ್ರಮವದು. ನ್ಯೂ ಸೌತ್ ವೇಲ್ಸಿನ ಕಾಯಿದೆ ವಿಧಿಸುವ ಹತ್ತು ವರ್ಷಗಳ ಕ್ಯಾಪಿಟಲ್ ವರ್ಕ್ಸ್ ಯೋಜನೆಯ ಹಿಂದಿರುವುದೂ ಇದೇ ವಿವೇಕ. ಮುಂದಿನ ವಾರ್ಷಿಕ ಸಭೆಯ ಪತ್ರ ಬಂದಾಗ ಅದನ್ನು ಮೂಲೆಗೆಸೆಯದೆ, ಆ ಯೋಜನೆಯಲ್ಲಿ ತಂತಿಗೂ ಸ್ವಿಚ್‌ಬೋರ್ಡಿಗೂ ಒಂದು ಸಾಲು ಇದೆಯೇ ಎಂದು ನೋಡೋಣ. ಇಲ್ಲವಾದರೆ ಕೇಳಿ ಸೇರಿಸೋಣ. ನೆರೆಯವರೊಡನೆ ಮುನಿಸು ಬೆಳೆಯುವ ಮೊದಲೇ ಮಾತು ಮುಗಿದೀತು.