ಜನಮತವೂ ಮರುವಿಚಾರವೂ

‘ಡೆಮಗಾಗ್’ ಎಂಬುದು ಗ್ರೀಕ್ ಮೂಲದ ಶಬ್ದ. ‘ಡೆಮೋಸ್’ ಎಂದರೆ ಜನ. ‘ಅಗೋಗೋಸ್’ ಎಂದರೆ ನಡೆಸುವವನು. ಮೊದಲಲ್ಲಿ ಜನನಾಯಕನೆಂಬ ನಿರ್ದುಷ್ಟಾರ್ಥವನ್ನೇ ಹೊಂದಿದ್ದ ಈ ಪದವು ಕ್ರಮೇಣ ಜನರನ್ನು ಮರುಳುಗೊಳಿಸುವವನೆಂಬ ಹೀನಾರ್ಥಕ್ಕೆ ಇಳಿಯಿತು. ಪ್ರಜೆಗಳನ್ನು ರಂಜಿಸುವವನೇ ರಾಜನೆಂದು ನಮ್ಮ ಪೂರ್ವಿಕರೂ ನಿರ್ವಚಿಸಿದ್ದಾರೆ. ಆದುದರಿಂದ ರಂಜನೆಯೇ ದೋಷವೆನ್ನಲಾಗದು. ಜನರ ಕ್ಷಣಿಕ ಆವೇಶವನ್ನೇ ಅವರ ಸ್ಥಿರಸಂಕಲ್ಪವೆಂದು ಸಾರಿ, ಮರುವಿಚಾರಕ್ಕೆ ಎಡೆಗೊಡದಿರುವುದು ದೋಷ.

ಪ್ರಜಾಪ್ರಭುತ್ವದ ತವರಾದ ಅಥೆನ್ಸಿನ ಚರಿತ್ರೆಯೇ ಇದಕ್ಕೆ ನಿದರ್ಶನ. ಕ್ರಿ.ಪೂ. 427ರಲ್ಲಿ, ದಂಗೆಯೆದ್ದು ಸೋತ ಮಿತಿಲೀನೆ ನಗರದ ವಯಸ್ಕ ಪುರುಷರೆಲ್ಲರನ್ನೂ ಕೊಲ್ಲಬೇಕೆಂದೂ, ಸ್ತ್ರೀಯರನ್ನೂ ಮಕ್ಕಳನ್ನೂ ದಾಸ್ಯಕ್ಕೆ ತಳ್ಳಬೇಕೆಂದೂ ಅಲ್ಲಿನ ಜನಸಭೆ ತೀರ್ಮಾನಿಸಿ, ಆಜ್ಞೆ ಹೊತ್ತ ಹಡಗನ್ನು ಕಳುಹಿಸಿತು. ಬೆಳಗಾಗುವಷ್ಟರಲ್ಲಿ ಜನರ ಮನಸ್ಸು ಕಲಕಿತ್ತು. ಸಭೆ ಮತ್ತೆ ಕೂಡಿತು. ನಿರ್ಣಯವನ್ನು ಸಡಿಲಿಸಕೂಡದೆಂದು ಕ್ಲಿಯಾನನು ಹಟ ಹಿಡಿದನು. ಆತುರ ಕೋಪಗಳಲ್ಲಿ ಸದ್ವಿವೇಕ ಹುಟ್ಟದೆಂದು ಡಯೊಡೋಟಸನು ವಾದಿಸಿದನು. ಅತ್ಯಲ್ಪ ಬಹುಮತದಿಂದ ಡಯೊಡೋಟಸನೇ ಗೆದ್ದನು. ಎರಡನೆಯ ಹಡಗಿನ ನಾವಿಕರು ದ್ರಾಕ್ಷಾರಸ, ಎಣ್ಣೆಗಳಲ್ಲಿ ಕಲಸಿದ ಜವೆಗೋಧಿಯ ಹಿಟ್ಟನ್ನು ತಿನ್ನುತ್ತಲೇ ಹುಟ್ಟುಹಾಕಿ, ಸರದಿಯಲ್ಲಿ ನಿದ್ರಿಸಿ, ಸೇನಾಪತಿಯು ಮೊದಲ ಆಜ್ಞೆಯನ್ನು ಓದಿ ಮುಗಿಸುವ ಹೊತ್ತಿಗೆ ಮುಟ್ಟಿದರು. ಜನ ಉಳಿದರು. ಆದರೂ ದಂಗೆಗೆ ಕಾರಣರೆನಿಸಿದ ಸಾವಿರಕ್ಕೂ ಮಿಕ್ಕವರ ವಧೆಯಾಯಿತೆಂದು ಥುಸಿಡೈಡಿಸನು ಬರೆದಿದ್ದಾನೆ.

ಕ್ರಿ.ಪೂ. 406ರಲ್ಲಿ ಎರಡನೆಯ ಹಡಗು ಹೊರಡಲಿಲ್ಲ. ಆರ್ಗಿನುಸೆಯ ನೌಕಾಯುದ್ಧದಲ್ಲಿ ಗೆದ್ದೂ, ಬಿರುಗಾಳಿಯ ಕಾರಣ ತಮ್ಮ ನಾವಿಕರನ್ನು ನೀರಿನಿಂದೆತ್ತಲಾಗದ ಸೇನಾನಿಗಳನ್ನು, ಪ್ರತ್ಯೇಕವಾಗಿ ವಿಚಾರಿಸದೆ ಒಂದೇ ಮತದಿಂದ ದಂಡಿಸಲು ಸಭೆ ಹೊರಟಿತು. ಇದು ನಿಯಮಬಾಹಿರವೆಂದವರಿಗೆ, ಜನರ ಇಚ್ಛೆಗೇ ಅಡ್ಡಿಯೇ ಎಂದು ಗುಂಪು ಕೂಗಿತು. ಸಭಾಧಿಕಾರಿಗಳಲ್ಲಿ ಸಾಕ್ರೆಟೀಸನೊಬ್ಬನೇ ಕಡೆಯವರೆಗೂ ಒಪ್ಪಲಿಲ್ಲ. ಆರು ಮಂದಿ ಹತರಾದರು. ಪಶ್ಚಾತ್ತಾಪವೂ ಬಂದಿತು, ತಡವಾಗಿ.

ಆಧುನಿಕ ಸಂವಿಧಾನಗಳು ಆ ‘ಮರುದಿನ’ವನ್ನು ಜನರ ಮನಃಸ್ಥಿತಿಗೆ ಬಿಡದೆ ಲಿಖಿತ ನಿಯಮವಾಗಿಸಿವೆ. ಎರಡನೆಯ ಸದನ, ಸ್ವತಂತ್ರ ನ್ಯಾಯಾಲಯ, ಅಧಿಕಾರಾವಧಿಯ ಮಿತಿ ಇವೆಲ್ಲ ವಿಳಂಬದ ಉಪಾಯಗಳೇ. ಇವನ್ನೇ ಜನದ್ರೋಹವೆಂದು ಬಣ್ಣಿಸುವುದು ಜನಮರುಳು ನಾಯಕರ ಹಳೆಯ ವಿದ್ಯೆ. 1848ರಲ್ಲಿ ಫ್ರಾನ್ಸಿನ ಅಧ್ಯಕ್ಷನಾಗಿ ಚುನಾಯಿತನಾದ ಲೂಯಿ ನೆಪೋಲಿಯನ್ನನಿಗೆ ಒಡನೆಯೇ ಮತ್ತೊಂದು ಅವಧಿಯನ್ನು ಸಂವಿಧಾನ ನಿಷೇಧಿಸಿತ್ತು. ಅವನು 1851ರ ಡಿಸೆಂಬರಿನಲ್ಲಿ ಸೈನ್ಯಬಲದಿಂದ ಶಾಸನಸಭೆಯನ್ನು ವಿಸರ್ಜಿಸಿ, ನೇರವಾಗಿ ಜನರನ್ನೇ ಕೇಳಿದನು. 70 ಲಕ್ಷಕ್ಕೂ ಮಿಕ್ಕು ಜನ ಹೌದೆಂದರು. ಮರುವರ್ಷ ಅವನು ಚಕ್ರವರ್ತಿಯಾದನು. 1870ರ ಮೇ ತಿಂಗಳಲ್ಲಿಯೂ ಜನಮತ ಅಷ್ಟೇ ಅಗಾಧವಾಗಿ ಅವನಿಗೇ ಒಲಿಯಿತು. ಪ್ರಷ್ಯದೊಡನೆ ಯುದ್ಧಕ್ಕಿಳಿದು ಸೆರೆಸಿಕ್ಕಿದ ಮೇಲೆ, ಸೆಪ್ಟೆಂಬರಿನಲ್ಲಿ ಅವನ ಸಾಮ್ರಾಜ್ಯವೇ ಇರಲಿಲ್ಲ.