ಬಾಣದ ಕೋಲು ಏಕೆ ಬಾಗಬೇಕು?

ಗುರುಮಠಕಲ್ ಇರುವ ಯಾದಗಿರಿ ಜಿಲ್ಲೆಯಲ್ಲೇ ಬೇಡ ನಾಯಕರ ಸುರಪುರವೂ ಇದೆ. ಕನ್ನಡ ನಾಡಿನ ಹಲವು ವೀರಗಲ್ಲುಗಳಲ್ಲಿ ಬಿಲ್ಲಾಳುಗಳನ್ನು ಕಾಣಬಹುದು. ಹಳೆಯ ಯುದ್ಧಬಾಣದ ಪ್ರತಿಕೃತಿಯನ್ನು ಕೈಯಾರೆ ಮಾಡುವವರು ಅಲಗಿಗಿಂತ ಮೊದಲು ಕೋಲನ್ನು ಗಮನಿಸಬೇಕು.

ಎಳೆದು ಬಿಟ್ಟ ಹೆದೆ ಬಿಲ್ಲಿನ ನಡುವಿಗೆ ಮರಳುತ್ತದೆ. ಬಾಣವಾದರೋ ಬಿಲ್ಲಿನ ಪಕ್ಕದಲ್ಲಿರುತ್ತದೆ. ಆದ್ದರಿಂದ ಅದು ಓರೆಯಾಗಿ ಹೋಗಬೇಕಲ್ಲವೆ? ಹಾಗಾಗುವುದಿಲ್ಲ. ಹಿಂದಿನಿಂದ ಬಿದ್ದ ಒತ್ತಡಕ್ಕೆ ಕೋಲು ಬಾಗಿ, ಬಿಲ್ಲನ್ನು ಬಳಸಿಕೊಂಡು ಸಾಗುತ್ತದೆ. ಅತ್ತಿತ್ತ ಕಂಪಿಸುತ್ತಾ ನೇರವಾಗುತ್ತದೆ. ಹಿಂಬದಿಯ ಗರಿಗಳು ಗಾಳಿಯ ಎಳೆತದಿಂದ ಅದನ್ನು ಸ್ಥಿರಗೊಳಿಸುತ್ತವೆ. ಕೋಲು ತೀರಾ ಬಿರುಸಾಗಿದ್ದರೆ ಗುರಿ ಒಂದು ಬದಿಗೆ, ಮೆದುವಾಗಿದ್ದರೆ ಇನ್ನೊಂದು ಬದಿಗೆ ತಪ್ಪುತ್ತದೆ.

1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ ಸಾವಿರಾರು ಬಾಣಗಳಲ್ಲಿ ಹೆಚ್ಚಿನವು ಪಾಪ್ಲರ್ ಮರದವು. ಇಂಥ ಗಟ್ಟಿ ಮರದ ಕೋಲಿನ ವ್ಯಾಸ ಶೇ. 10ರಷ್ಟು ಇಳಿದರೆ, ಅದೇ ತೂಕಕ್ಕೆ ಅದು ಸುಮಾರು ಒಂದೂವರೆ ಪಟ್ಟು ಬಾಗುತ್ತದೆ. ಹೆರೆಯುವಾಗ ಎಚ್ಚರ ಬೇಕು.

ತರಗತಿಯಲ್ಲೇ ಪರೀಕ್ಷಿಸಿ: 66 ಸೆಂ.ಮೀ. ಅಂತರದ ಎರಡು ಆಧಾರಗಳ ಮೇಲೆ ಕೋಲನ್ನಿಡಿ. ನಡುವೆ 900 ಗ್ರಾಂ ತೂಗುಹಾಕಿ, ಎಷ್ಟು ತಗ್ಗಿತೆಂದು ಅಳೆಯಿರಿ. ಒಂದೇ ಬಿಲ್ಲಿಗೆ ಬಳಸುವ ಕೋಲುಗಳೆಲ್ಲ ಹೆಚ್ಚುಕಡಿಮೆ ಸಮನಾಗಿ ತಗ್ಗಬೇಕು. ಬಿರುಕು ಕಂಡರೆ ಆ ಕೋಲನ್ನು ಹೂಡಲೇಬೇಡಿ. ಹೆದೆ ಬಿಟ್ಟೊಡನೆ ಅದು ಮುರಿದು ಬಿಲ್ಲು ಹಿಡಿದ ಕೈಯನ್ನೇ ಚುಚ್ಚಬಹುದು.