ಮನೆಯಲ್ಲೇ ಮಾಡುವ ಕೇಕ್, ಬಿಸ್ಕತ್ತು, ಸಿಹಿತಿಂಡಿ: ಶ್ರಾವಕರ ಅಡುಗೆಮನೆಗೆ ಒಂದು ಕೈಪಿಡಿ

ಆನಗೋಡು: ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಿಗುವ ಹೋಬಳಿ ಊರು ಆನಗೋಡು. ಸುತ್ತ ಮೆಕ್ಕೆಜೋಳದ ಹೊಲ, ಹತ್ತಿರದಲ್ಲೇ ಬೆಣ್ಣೆದೋಸೆಗೆ ಹೆಸರಾದ ನಗರ. ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುವ ರೂಢಿ ಇಂಥ ಊರುಗಳಿಗೂ ಬಂದು ವರ್ಷಗಳಾದವು. ಪೇಟೆಯಿಂದ ತಂದ ಕೇಕಿನ ಡಬ್ಬಿ ತೆರೆದಾಗ ಮನೆಯ ಮಕ್ಕಳು ಮುಗಿಬೀಳುತ್ತಾರೆ. ಆದರೆ ವ್ರತ ಹಿಡಿದ ಅಜ್ಜಿ ತಟ್ಟೆ ಪಕ್ಕಕ್ಕಿಟ್ಟು, ‘ನೀವು ತಿನ್ನಿ, ನನಗೆ ಬೇಡ’ ಎಂದು ಸುಮ್ಮನಾಗುತ್ತಾರೆ. ಮೊಮ್ಮಗುವಿನ ಹಬ್ಬದಲ್ಲಿ ಅಜ್ಜಿಗೇ ಪಾಲಿಲ್ಲ. ಅದೇ ಸಿಹಿಯನ್ನು ಮನೆಯಲ್ಲೇ ತಿಳಿದು ಮಾಡಿದರೆ ಈ ಕೊರತೆ ನೀಗುತ್ತದೆ. ಯಾವುದನ್ನು ಬಿಡಬೇಕು, ಅದರ ಬದಲು ಏನು ಬಳಸಬೇಕು, ಮಾಡಿದ್ದನ್ನು ಎಷ್ಟು ದಿನ ಇಡಬಹುದು ಎಂಬುದರ ವಿವರ ಇಲ್ಲಿದೆ.

ಹಸಿರು ಚುಕ್ಕಿ ಎಲ್ಲವನ್ನೂ ಹೇಳುವುದಿಲ್ಲ

ನಮ್ಮ ದೇಶದ ನಿಯಮದಂತೆ ಮೊಟ್ಟೆ ಇರುವ ಪೊಟ್ಟಣಕ್ಕೆ ಹಸಿರು ಗುರುತು ಹಾಕುವಂತಿಲ್ಲ. ಆದ್ದರಿಂದ ಹಸಿರು ಚುಕ್ಕಿ ಕಂಡರೆ ಮೊಟ್ಟೆ, ಮಾಂಸ ಇಲ್ಲ ಎಂದು ತಿಳಿಯಬಹುದು. ಆದರೆ ಜೇನುತುಪ್ಪ ಆ ನಿಯಮದಲ್ಲಿ ಸಸ್ಯಾಹಾರದ ಕಡೆಗೇ ಸೇರುತ್ತದೆ. ಶ್ರಾವಕರ ಅಷ್ಟಮೂಲಗುಣಗಳಲ್ಲಿ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗ ಮೊದಲು ಬರುತ್ತದೆ. ಮಧು ಎಂದರೆ ಜೇನು. ಅಂದಮೇಲೆ ಹಸಿರು ಚುಕ್ಕಿ ಇರುವ ಕೇಕಿನಲ್ಲೂ ಜೇನು ಇರಬಹುದು. ಯೀಸ್ಟ್, ಗಡ್ಡೆಗೆಣಸು, ಅಂಜೂರಗಳ ಬಗ್ಗೆಯೂ ಆ ಚುಕ್ಕಿ ಏನನ್ನೂ ಹೇಳುವುದಿಲ್ಲ.

ಬೇಕರಿ ತಿನಿಸಿನಲ್ಲಿ ಗಮನಿಸಬೇಕಾದವು ಇವು:

ಜೆಲಟಿನ್: ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುವ ಅಂಟು. ಜೆಲ್ಲಿ, ಮಾರ್ಷ್‌ಮೆಲೋ, ಕೆಲವು ಮೌಸ್‌ಗಳಲ್ಲಿ ಇರುತ್ತದೆ. ಬದಲಿಗೆ ಬಳಸುವ ಅಗರ್ ಸಮುದ್ರದ ಪಾಚಿಯಿಂದ ಬರುವಂಥದು. ಪಾಚಿಯನ್ನು ಅನಂತಕಾಯವೆಂದು ಬಿಡುವವರು ಇದನ್ನೂ ಬಳಸುವುದಿಲ್ಲ.

ಕೆಂಪು ಬಣ್ಣ: ಇ 120 ಎಂಬ ಸಂಖ್ಯೆಯ ಬಣ್ಣ ಕೋಚಿನಿಯಲ್ ಎಂಬ ಕೀಟದಿಂದ ಬರುತ್ತದೆ. ಮನೆಯಲ್ಲಿ ಬೀಟ್‌ರೂಟ್ ಬಳಸಿದರೆ ಅದು ಕಂದಮೂಲ. ಕೇಸರಿ ಎಸಳು ಹಾಲಿನಲ್ಲಿ ನೆನೆಸಿದರೆ ಬಣ್ಣವೂ ಬಂತು, ಪರಿಮಳವೂ ಬಂತು.

ವೆನಿಲಾ ಎಸೆನ್ಸ್: ಹಲವು ಎಸೆನ್ಸ್‌ಗಳಲ್ಲಿ ಆಲ್ಕೋಹಾಲ್ ದ್ರಾವಕವಾಗಿರುತ್ತದೆ. ಏಲಕ್ಕಿ, ಜಾಕಾಯಿ ನಮ್ಮ ಮನೆಯಲ್ಲೇ ಇರುವಾಗ ಅದರ ಅಗತ್ಯವಿಲ್ಲ.

ಯೀಸ್ಟ್ ಮತ್ತು ವಿನೆಗರ್: ಒಂದು ಸ್ವತಃ ಸೂಕ್ಷ್ಮಜೀವಿ, ಇನ್ನೊಂದು ಹುಳಿಯಿಸಿ ತಯಾರಾದದ್ದು. ಆಚರಣೆ ಪಾಲಿಸುವವರು ಎರಡನ್ನೂ ಬಿಡುತ್ತಾರೆ.

ಗಜ್ಜರಿ, ಹಸಿಶುಂಠಿ: ಗಜ್ಜರಿ ಕೇಕ್, ಗಜ್ಜರಿ ಹಲ್ವ ಎರಡೂ ಕಂದಮೂಲದವೇ. ಶುಂಠಿಯ ರುಚಿ ಬೇಕಾದರೆ ಒಣಶುಂಠಿ ಪುಡಿ ಹೆಚ್ಚಿನ ಮನೆಗಳಲ್ಲಿ ಒಪ್ಪಿತ. ಶೇಂಗಾ ಮಣ್ಣಿನೊಳಗೆ ಬೆಳೆದರೂ ಬೇರಲ್ಲ, ಗಡ್ಡೆಯಲ್ಲ; ಅದು ಬೀಜ. ಆದ್ದರಿಂದ ಶೇಂಗಾ ಹೋಳಿಗೆ, ಶೇಂಗಾ ಉಂಡೆಗಳಿಗೆ ಅಡ್ಡಿಯಿಲ್ಲ.

ಅಂಜೂರ, ಗಸಗಸೆ: ಅಂಜೂರ ಅತ್ತಿಯ ಜಾತಿಯದು. ಗಸಗಸೆಯನ್ನು ಬಹುಬೀಜವೆಂದು ಶ್ವೇತಾಂಬರ ಮನೆಗಳಲ್ಲಿ ಬಿಡುವುದುಂಟು.

ಮೊಟ್ಟೆ ಇಲ್ಲದೆ ಕೇಕ್ ಏಳುವುದು ಹೇಗೆ?

ಮೊಟ್ಟೆ ಇಲ್ಲದ ಕೇಕ್ ಎಂದರೆ ಏನೋ ಕೊರತೆಯ ಕೇಕ್ ಎಂಬ ಭಾವನೆ ಬೇಡ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಪಡಿತರದಲ್ಲಿ ಒಬ್ಬರಿಗೆ ವಾರಕ್ಕೆ ಸಿಗುತ್ತಿದ್ದುದು ಸಾಮಾನ್ಯವಾಗಿ ಒಂದೇ ಮೊಟ್ಟೆ. ಅಲ್ಲಿಯ ಮನೆಗಳಲ್ಲಿ ಆಗಲೂ ಮೊಟ್ಟೆಯಿಲ್ಲದೆ ಕೇಕ್ ಬೇಯುತ್ತಿತ್ತು. ನಮ್ಮಲ್ಲೂ ಅಯ್ಯಂಗಾರ್ ಬೇಕರಿಗಳು ಮೊಟ್ಟೆಯಿಲ್ಲದ ತಿನಿಸುಗಳಿಂದಲೇ ಹೆಸರು ಮಾಡಿದವು.

ಕೇಕಿನಲ್ಲಿ ಮೊಟ್ಟೆಯ ಕೆಲಸ ಮೂರು: ಹಿಟ್ಟನ್ನು ಹಿಡಿದಿಡುವುದು, ಉಬ್ಬಿಸುವುದು, ಪಸೆ ಕೊಡುವುದು. ಹಿಡಿದಿಡುವ ಕೆಲಸವನ್ನು ಗೋಧಿಯಲ್ಲಿರುವ ಅಂಟಿನಂಶವೇ ಮಾಡುತ್ತದೆ. ಪಸೆಯನ್ನು ಬೆಲ್ಲ ಮತ್ತು ತುಪ್ಪ ಕೊಡುತ್ತವೆ. ಉಳಿದದ್ದು ಉಬ್ಬಿಸುವುದು. ಅಡುಗೆ ಸೋಡಾಕ್ಕೆ ಹುಳಿ ತಾಗಿದಾಗ ಇಂಗಾಲದ ಡೈಆಕ್ಸೈಡ್ ಅನಿಲ ಹುಟ್ಟಿ ಹಿಟ್ಟಿನೊಳಗೆ ಗುಳ್ಳೆಗಳಾಗುತ್ತವೆ. ಶಾಖ ತಾಗಿದಾಗ ಆ ಗುಳ್ಳೆಗಳು ಹಿಗ್ಗಿ, ಸುತ್ತಲಿನ ಹಿಟ್ಟು ಗಟ್ಟಿಯಾಗಿ, ಕೇಕ್ ಹಗುರಾಗುತ್ತದೆ. ಹುಳಿ ಬೆರೆಸಿದ ಹಿಟ್ಟನ್ನು ತಡಮಾಡದೆ ಒಲೆಗೇರಿಸಬೇಕು ಎನ್ನುವುದು ಇದಕ್ಕೇ. ಹೊತ್ತು ಕಳೆದರೆ ಅನಿಲ ಹೊರಗೆ ಹೋಗಿ ಕೇಕ್ ಹಾಸುಗಲ್ಲಾಗುತ್ತದೆ.

ಇಲ್ಲೇ ಒಂದು ಎಡವು ಇದೆ. ಮೊಟ್ಟೆಯಿಲ್ಲದ ಕೇಕಿನ ಹೆಚ್ಚಿನ ವಿಧಾನಗಳಲ್ಲಿ ಹುಳಿಗಾಗಿ ಮೊಸರು ಹಾಕುತ್ತಾರೆ. ಅದಕ್ಕೇ ಸಕ್ಕರೆಯ ಬದಲು ಬೆಲ್ಲ ಹಾಕಿದರೆ ‘ಆರೋಗ್ಯಕರ ಕೇಕ್’ ಎನ್ನುತ್ತಾರೆ. ಆದರೆ ಮೊಸರಿಗೆ ಬೆಲ್ಲ ಬೆರೆಸುವುದು ದಿಗಂಬರ ಪರಂಪರೆಯಲ್ಲಿ ವರ್ಜ್ಯ. ಕಡಲೆಹಿಟ್ಟಿಗೆ ಮೊಸರು ಬೆರೆಸಿದರೆ ದ್ವಿದಳ ದೋಷ. ಮೊಟ್ಟೆ ಬಿಟ್ಟೆವೆಂದು ನಿಶ್ಚಿಂತರಾದವರು ಇಲ್ಲಿ ತಪ್ಪುತ್ತಾರೆ. ಬೆಲ್ಲದ ಕೇಕಿಗೆ ಮೊಸರೂ ಬೇಡ, ವಿನೆಗರೂ ಬೇಡ. ಒಂದು ನಿಂಬೆಹಣ್ಣು ಸಾಕು.

ಬೆಣ್ಣೆಯ ಊರಿನಲ್ಲಿ ತುಪ್ಪ

ದಾವಣಗೆರೆ ಎಂದರೆ ಬೆಣ್ಣೆ. ಬೇಕರಿಯ ಬಿಸ್ಕತ್ತಿಗೂ ಬೆಣ್ಣೆಯದೇ ಹೆಸರು. ಆದರೆ ಮಜ್ಜಿಗೆಯಿಂದ ತೆಗೆದ ಬೆಣ್ಣೆಯನ್ನು ಅಂತರ್ಮುಹೂರ್ತದೊಳಗೆ, ಅಂದರೆ 48 ನಿಮಿಷ ತುಂಬುವುದರೊಳಗೆ ಕಾಯಿಸಿ ತುಪ್ಪ ಮಾಡಿಬಿಡಬೇಕು ಎಂಬುದು ದಿಗಂಬರ ಶ್ರಾವಕರ ಕ್ರಮ. ಆ ಹೊತ್ತು ಮೀರಿದ ಬೆಣ್ಣೆಯಲ್ಲಿ ಜೀವೋತ್ಪತ್ತಿ ಆಗುತ್ತದೆ ಎಂಬುದು ಇದರ ಹಿಂದಿನ ಕಾರಣ. ಶ್ವೇತಾಂಬರ ಪರಂಪರೆಯಲ್ಲಿ ಮದ್ಯ, ಮಾಂಸ, ಮಧುಗಳ ಜೊತೆಗೇ ನವನೀತವನ್ನೂ ಮಹಾವಿಗಯಿ ಎಂದು ಎಣಿಸುತ್ತಾರೆ. ಹಾಗಾಗಿ ಅಂಗಡಿಯ ಬೆಣ್ಣೆಯ ಬದಲು ತುಪ್ಪವೇ ಸರಿಯಾದ ದಾರಿ.

ಬೆಣ್ಣೆಯ ಅಳತೆಯಷ್ಟೇ ತುಪ್ಪ ಸುರಿದರೆ ಬಿಸ್ಕತ್ತು ಒಲೆಯಲ್ಲಿ ಹರಡಿಬಿಡುತ್ತದೆ. ಬೆಣ್ಣೆಯಲ್ಲಿ ಕೊಬ್ಬು ಸುಮಾರು 80 ಭಾಗ, ಉಳಿದದ್ದು ಹೆಚ್ಚಾಗಿ ನೀರು. ತುಪ್ಪ ಬಹುಪಾಲು ಬರೀ ಕೊಬ್ಬು. ಆದ್ದರಿಂದ 100 ಗ್ರಾಂ ಬೆಣ್ಣೆ ಎಂದಿರುವ ಕಡೆ 80 ಗ್ರಾಂ ತುಪ್ಪ ಹಾಕಬೇಕು. ಬಿಸ್ಕತ್ತಿಗೆ ಕರಗಿದ ತುಪ್ಪಕ್ಕಿಂತ ಮರಳುಮರಳಾಗಿ ಹೆಪ್ಪುಗಟ್ಟಿದ ತುಪ್ಪ ಒಳ್ಳೆಯದು.

ಎಷ್ಟು ದಿನ ಇಡಬಹುದು?

ಹಿಟ್ಟಿನ ಮರ್ಯಾದೆ ದಿಗಂಬರ ಪರಂಪರೆಯಲ್ಲಿ ಮಳೆಗಾಲಕ್ಕೆ 3 ದಿನ, ಬೇಸಿಗೆಗೆ 5 ದಿನ, ಚಳಿಗಾಲಕ್ಕೆ 7 ದಿನ. ಈ ಕಾಲಗಳನ್ನು ಹವೆ ನೋಡಿ ಎಣಿಸುವುದಲ್ಲ. ಆಷಾಢ, ಕಾರ್ತಿಕ, ಫಾಲ್ಗುಣಗಳ ಅಷ್ಟಾಹ್ನಿಕ ಪರ್ವಗಳು ಅವುಗಳ ಗಡಿ. ದೀಪಾವಳಿಯ ಅಮಾವಾಸ್ಯೆ ಕಾರ್ತಿಕ ಅಷ್ಟಾಹ್ನಿಕಕ್ಕೆ ಮೊದಲೇ ಬರುವುದರಿಂದ, ಹೊರಗೆ ಚಳಿ ಶುರುವಾಗಿದ್ದರೂ ಆಗ ಮಳೆಗಾಲದ 3 ದಿನದ ಲೆಕ್ಕವೇ. ಮಹಾವೀರ ಸ್ವಾಮಿಯ ನಿರ್ವಾಣ ಲಾಡುವಿನ ಹಿಟ್ಟು ಬೀಸುವವರಿಗೆ ಇದು ನೆನಪಿರಬೇಕು.

ಮಾಡಿದ ಪದಾರ್ಥದ ಮರ್ಯಾದೆ ನೀರಿನ ಮೇಲೆ ನಿಂತಿದೆ. ಅನ್ನ, ಸಾರಿಗೆ 6 ಗಂಟೆ. ರೊಟ್ಟಿ, ಹಲ್ವದಂಥವಕ್ಕೆ 12 ಗಂಟೆ. ನೀರಿನಂಶ ಕಡಿಮೆಯಿರುವ ಕರಿದ ಪಕ್ವಾನ್ನಗಳಿಗೆ 24 ಗಂಟೆ. ನೀರೇ ಸೋಕದ ಸಿಹಿಗೆ ಹಿಟ್ಟಿನಷ್ಟೇ ದಿನ. ಪಟ್ಟಿಯಲ್ಲಿ ಕೇಕಿನ ಹೆಸರಿಲ್ಲ. ಆದರೆ ನೀರು ಹಾಕಿ ಕಲಸಿದ ಮೆತ್ತನೆಯ ಕೇಕನ್ನು ಹಲ್ವದ ಸಾಲಿಗೆ ಸೇರಿಸಿ ಆ ದಿನವೇ ಮುಗಿಸುವುದು ಯುಕ್ತ. ತುಪ್ಪ, ಸಕ್ಕರೆ, ಹಿಟ್ಟು ಮಾತ್ರ ಇರುವ ನಾನ್‌ಖಟಾಯಿ ಹಿಟ್ಟಿನ ಸಾಲಿಗೆ ಬರುತ್ತದೆ.

ಯಾರಿಗೆ ಏನು ಮಾಡಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ. ಮನೆಯವರೆಲ್ಲ ಕೂಡಿ ಅಂದೇ ತಿನ್ನುವುದಾದರೆ ಕೇಕ್. ಬೆಂಗಳೂರಿನಲ್ಲಿ ಓದುವ ಮಗನಿಗೆ, ಹರಿಹರದ ಬೀಗರಿಗೆ ಕಳಿಸುವುದಾದರೆ ನಾನ್‌ಖಟಾಯಿ, ಒಣ ಉಂಡೆ. ಡಬ್ಬಿಯ ಮೇಲೆ ಹಿಟ್ಟು ಬೀಸಿದ ದಿನವನ್ನು ಬರೆದು ಕಳಿಸಿದರೆ ವ್ರತಿಗಳು ಕೇಳಬೇಕಾಗಿಲ್ಲ.

ಎರಡು ವಿಧಾನಗಳು

ಬೆಲ್ಲದ ಗೋಧಿ ಕೇಕ್: ಬೀಸಿ ಜರಡಿ ಹಿಡಿದ ಗೋಧಿಹಿಟ್ಟು 150 ಗ್ರಾಂ, ಬೆಲ್ಲ 125 ಗ್ರಾಂ, ಸೋಸಿ ಕಾಯಿಸಿದ ನೀರು 180 ಮಿ.ಲೀ., ಕರಗಿದ ತುಪ್ಪ 60 ಗ್ರಾಂ, ಅಡುಗೆ ಸೋಡಾ ಮುಕ್ಕಾಲು ಚಹಾ ಚಮಚ, ನಿಂಬೆರಸ ಒಂದು ದೊಡ್ಡ ಚಮಚ, ಏಲಕ್ಕಿ ಪುಡಿ, ಚಿಟಿಕೆ ಒಣಶುಂಠಿ. ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ತಣಿಸಿ. ಹಿಟ್ಟು, ಸೋಡಾ, ಏಲಕ್ಕಿ, ಶುಂಠಿಯನ್ನು ಒಟ್ಟಿಗೆ ಜರಡಿ ಹಿಡಿಯಿರಿ. ಬೆಲ್ಲದ ನೀರು, ತುಪ್ಪ ಸೇರಿಸಿ ಗಂಟಿಲ್ಲದಂತೆ ಕಲಸಿ. ಕೊನೆಗೆ ನಿಂಬೆರಸ ಹಾಕಿ, ನಾಲ್ಕು ಸುತ್ತು ತಿರುವಿ, ತುಪ್ಪ ಸವರಿದ ಪಾತ್ರೆಗೆ ಸುರಿದು ಕೂಡಲೇ ಬೇಯಲು ಇಡಿ. ಹೆಚ್ಚು ಕಲಸಿದರೆ ಗೋಧಿಯ ಅಂಟು ಬಲಿತು ಕೇಕ್ ರಬ್ಬರಿನಂತಾಗುತ್ತದೆ.

ಮೆಕ್ಕೆಜೋಳದ ನಾನ್‌ಖಟಾಯಿ: ಗೋಧಿಹಿಟ್ಟು 110 ಗ್ರಾಂ, ನುಣ್ಣಗೆ ಬೀಸಿದ ಮೆಕ್ಕೆಜೋಳದ ಹಿಟ್ಟು 40 ಗ್ರಾಂ, ಮನೆಯಲ್ಲಿ ಪುಡಿಮಾಡಿದ ಸಕ್ಕರೆ 75 ಗ್ರಾಂ, ಹೆಪ್ಪುಗಟ್ಟಿದ ತುಪ್ಪ 85 ಗ್ರಾಂ, ಚಿಟಿಕೆ ಸೋಡಾ, ಏಲಕ್ಕಿ. ತುಪ್ಪ, ಸಕ್ಕರೆಯನ್ನು ಬಿಳುಪೇರುವವರೆಗೆ ಅಂಗೈಯಲ್ಲಿ ನಾದಿ, ಹಿಟ್ಟು ಸೇರಿಸಿ. ನೀರು, ಹಾಲು ಸೋಕಿಸಬೇಡಿ. ನಿಂಬೆಗಾತ್ರದ ಉಂಡೆ ಮಾಡಿ ಮೇಲೆ ಮೆಲ್ಲಗೆ ಒತ್ತಿ, ನಡುವೆ ಅಂತರ ಬಿಟ್ಟು ಜೋಡಿಸಿ. ಓವನ್ ಇದ್ದರೆ 160–170 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ತೆಗೆದಾಗ ಮೆತ್ತಗಿರುತ್ತವೆ, ಆರಿದ ಮೇಲೆ ಗರಿಯಾಗುತ್ತವೆ.

ಓವನ್ ಇಲ್ಲದ ಮನೆಯಲ್ಲಿ

ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಒಂದಂಗುಲ ತೊಳೆದು ಒಣಗಿಸಿದ ಮರಳು ಅಥವಾ ಕಲ್ಲುಪ್ಪು ಹರಡಿ, ಮೇಲೊಂದು ಸಿಂಬಿ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಅನಂತರ ಕೇಕಿನ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ 40 ನಿಮಿಷದ ಆಸುಪಾಸು ಬೇಯಿಸಿ. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಆಯಿತು. ಕುಕ್ಕರ್ ಬಳಸುವುದಾದರೆ ಅದರ ರಬ್ಬರ್ ಮತ್ತು ಸೀಟಿಯನ್ನು ತಪ್ಪದೆ ತೆಗೆದಿಡಬೇಕು. ನಾನ್‌ಸ್ಟಿಕ್ ಪಾತ್ರೆಯನ್ನು ಹೀಗೆ ಬರಿದೇ ಕಾಯಿಸಬಾರದು. ಹಚ್ಚುವ ಮುನ್ನ ಒಲೆ, ಮರಳು, ಪಾತ್ರೆಗಳಲ್ಲಿ ಇರುವೆ, ಹುಳ ಇಲ್ಲವೆಂದು ನೋಡಿಕೊಳ್ಳುವುದೂ ಜೀವದಯೆಯ ಭಾಗವೇ.

ಈ ಬಗೆಯ ಬೇಯಿಸುವಿಕೆ ಹೊರಗಿನಿಂದ ಬಂದದ್ದೆಂದು ತಿಳಿಯಬೇಕಿಲ್ಲ. ಹದಿನಾರನೇ ಶತಮಾನದ ಆರಂಭದಲ್ಲಿದ್ದ ಜೈನ ಕವಿ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ಬರೆದ. ಅದರ ಮೊದಲ ಅಧ್ಯಾಯವೇ ಪಿಷ್ಟಪಾಕ, ಅಂದರೆ ಹಿಟ್ಟಿನ ತಿನಿಸುಗಳದ್ದು. ಅಲ್ಲಿ ಬರುವ ಮುಚ್ಚಳ ರೊಟ್ಟಿಯನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಕೆಳಗೂ ಮೇಲೂ ಕೆಂಡ ಹಾಕಿ ಬೇಯಿಸುತ್ತಿದ್ದರು. ಇಂದಿನ ಓವನ್ ಮಾಡುವುದೂ ಅದನ್ನೇ.

ದೀಪ ಹಚ್ಚುವ ಮೊದಲು

ಕೊನೆಯ ಮಾತು ಹೊತ್ತಿನದು. ಹುಟ್ಟುಹಬ್ಬದ ಕೇಕ್ ಕತ್ತರಿಸುವುದು ಸಾಮಾನ್ಯವಾಗಿ ರಾತ್ರಿ. ಎಷ್ಟೇ ಶುದ್ಧವಾಗಿ ಮಾಡಿದ ಸಿಹಿಯೂ ಸೂರ್ಯಾಸ್ತದ ನಂತರ ರಾತ್ರಿಭೋಜನ ತ್ಯಾಗಿಗಳಿಗೆ ಸಲ್ಲದು. ದಾವಣಗೆರೆ ಸೀಮೆಯಲ್ಲಿ ಡಿಸೆಂಬರಿನಲ್ಲಿ ಸಂಜೆ ಆರರ ಹೊತ್ತಿಗೆ, ಜೂನ್ ತಿಂಗಳಲ್ಲಿ ಏಳರ ಹತ್ತಿರ ಸೂರ್ಯ ಮುಳುಗುತ್ತಾನೆ. ಮಕ್ಕಳು ಶಾಲೆಯಿಂದ ಬಂದ ಮೇಲೆ ನಾಲ್ಕೂವರೆಗೆ ಕೂಟ ಇಟ್ಟುಕೊಂಡರೆ ಎಲ್ಲರಿಗೂ ಅನುಕೂಲ. ಆ ಬೆಳಕಿನಲ್ಲಿ ಮೇಣದಬತ್ತಿಯೂ ಬೇಕಾಗುವುದಿಲ್ಲ.

ನೆರೆಯ ವೀರಶೈವ ಲಿಂಗಾಯತ ಮನೆಗಳಲ್ಲೂ ಮೊಟ್ಟೆ ಮುಟ್ಟದವರು ಬಹಳ. ಮನೆಯಲ್ಲಿ ಮಾಡಿದ ಈ ಕೇಕನ್ನು ಓಣಿಯಲ್ಲಿ ಯಾರಿಗೆ ಕೊಟ್ಟರೂ ಅಳುಕಿಲ್ಲದೆ ತಿನ್ನುತ್ತಾರೆ. ಕೊಡುವಾಗ ಒಳಗೆ ಏನೇನಿದೆ ಎಂದು ಹೇಳಿ ಕೊಡಬೇಕು. ಗೋಧಿ ಒಗ್ಗದವರು, ಹಾಲು ಬಿಟ್ಟವರು, ಆ ದಿನ ಏಕಾಶನದಲ್ಲಿ ಇರುವವರು ತಾವೇ ತೀರ್ಮಾನಿಸುತ್ತಾರೆ. ಅಜ್ಜಿಯ ತಟ್ಟೆಗೆ ಮೊದಲ ತುಂಡು ಬಡಿಸುವಾಗಲೂ ‘ಹಿಟ್ಟು ನಿನ್ನೆ ಬೀಸಿದ್ದು, ತುಪ್ಪ ಮನೆಯದು, ಮೊಸರು ಹಾಕಿಲ್ಲ’ ಎಂದರೆ ಸಾಕು. ಅವರು ತಟ್ಟೆ ಪಕ್ಕಕ್ಕಿಡುವುದಿಲ್ಲ.